ಸಿರುಗುಪ್ಪದ ಯಂತ್ರ ಗೃಹಪ್ರವೇಶ ಮಾಡಿದ ದಿನ

ಶ್ರೀಕೃತಿಯ ಕೆಲಸ ಸರಿಯಾಗಿ ನಡೆದರೆ ಅವಳೊಬ್ಬಳಿದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಕೇಂದ್ರವಿರುವ ಒಂದು ಖಾಸಗಿ ರಕ್ತನಿಧಿಯ ಕಂಪ್ಯೂಟರುಗಳು ಅವಳ ತಲೆನೋವು. ಊರಿಗೊಂದು ಯಂತ್ರ, ಯಾವ ಬಾಟಲಿ ಯಾರಿಗೆ ಎಂಬ ಲೆಕ್ಕ ಮೂರರಲ್ಲೂ ಒಂದೇ. ಮೂರರಲ್ಲಿ ಎರಡು ಯಂತ್ರ ಒಪ್ಪಿದರೆ ಮಾತ್ರ ಬಾಟಲಿಯನ್ನು ಒಬ್ಬರ ಹೆಸರಿಗೆ ಹಿಡಿದಿಡಬಹುದು, ಹೊರಗೆ ಕೊಡಬಹುದು. ಒಂದೇ ಬಾಟಲಿಯನ್ನು ಇಬ್ಬರಿಗೆ ಗೊತ್ತುಮಾಡಿ ಕೈಸುಟ್ಟುಕೊಂಡ ಮೇಲೆ ಹಾಕಿದ ಕಟ್ಟುಪಾಡು ಅದು.

ಶ್ರಾವಣದಲ್ಲಿ ಬಳ್ಳಾರಿ, ಸಿರುಗುಪ್ಪ ಎರಡೂ ಕೇಂದ್ರಗಳು ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ಅಲ್ಲಿ ಮೊದಲು ಬೇರೆ ಯಂತ್ರ ಹೂಡಿ, ಅದು ಲೆಕ್ಕವನ್ನೆಲ್ಲ ನಕಲು ಮಾಡಿಕೊಂಡ ಮೇಲೆ ಹಳೆಯದನ್ನು ತೆಗೆಯೋಣವೆಂದು ಶ್ರೀಕೃತಿ ಬಡಕೊಂಡಳು. ಮೇಲಿನವರು ಕೊಡಿಸಲಿಲ್ಲ. ಸರಿ, ಹಾಗಾದರೆ ಒಂದರ ಹಿಂದೊಂದು: ಸೋಮವಾರ ಬಳ್ಳಾರಿ, ಅದು ಎದ್ದು ಕೂತ ಮೇಲಷ್ಟೇ ಸಿರುಗುಪ್ಪ. ಸಿರುಗುಪ್ಪದ ವ್ಯವಸ್ಥಾಪಕ ದೊಡ್ಡಬಸವರಾಜನಿಗೆ ಮಗುವಿಗೆ ಹೇಳಿದಂತೆ ಹೇಳಿದ್ದಳು. ಆತ ಹೂಂಗುಟ್ಟಿದ್ದ.

ಸೋಮವಾರ ಬಳ್ಳಾರಿಯ ಯಂತ್ರವನ್ನು ಬಿಚ್ಚಿ ಆಟೋದಲ್ಲಿಟ್ಟಿದ್ದಳಷ್ಟೆ, ಕುರುಗೋಡಿನಿಂದ ನರ್ಸ್ ಶೀಲಾಳ ಫೋನ್ ಬಂತು. "ಮೇಡಂ, ಬಾಣಂತಿಗೆ ರಕ್ತ ನಿಲ್ಲವಲ್ದುರಿ. ಓ ನೆಗೆಟಿವ್ ಒಂದ ಬಾಟ್ಲಿ ಐತಿ. ಸಿರುಗುಪ್ಪದವ್ರು ಅದನ್ನ ಯಾರಿಗಾದ್ರೂ ಹಿಡದಿಟ್ಟಾರೋ ಏನೋ, ಕಂಪ್ಯೂಟರ್ ಏನೂ ಹೇಳವಲ್ದು."

ಬಳ್ಳಾರಿಯದು ಆಟೋದಲ್ಲಿದ್ದರೂ ಉಳಿದೆರಡು ಯಂತ್ರ ಒಪ್ಪಿದರೆ ಸಾಕಿತ್ತು. ಶ್ರೀಕೃತಿ ಸಿರುಗುಪ್ಪಕ್ಕೆ ಫೋನ್ ಹಚ್ಚಿದಳು.

"ಶ್ರಾವಣ ಸೋಮವಾರ ಅಲ್ರೀ ಮೇಡಂ," ದೊಡ್ಡಬಸವರಾಜನ ದನಿಯಲ್ಲಿ ಹಿಗ್ಗು. "ಹೊಸ ಬಿಲ್ಡಿಂಗಿಗೆ ಎಲ್ಲಕ್ಕಿಂತ ಮೊದ್ಲು ನಿಮ್ಮ ಮಷಿನ್ನೇ ತಂದೀವಿ. ಇಭೂತಿ ಹಚ್ಚಿ, ಹಾರ ಹಾಕಿ ಕುಂದ್ರಿಸೀವಿ."

"ಕುರುಗೋಡಿನ ಓ ನೆಗೆಟಿವ್ ಯಾರಿಗಾದ್ರೂ ಹಿಡದೀರೇನು?"

"ಅದೆಲ್ಲ ಮಷಿನ್ನಾಗ ಐತ್ರಿ."

"ಹಂಗಾರ ಚಾಲೂ ಮಾಡ್ರಿ!"

"ಇಲ್ಲಿ ಕರೆಂಟ್ ನಾಳೆ ಬರ್ತೈತ್ರಿ. ಒಳಗ ತಂದದ್ದನ್ನ ಇವತ್ತ ಹೊರಗ ಒಯ್ಯಾಕ ಬರಂಗಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು, ಬೈಯಲು ಪುರುಸೊತ್ತಿರಲಿಲ್ಲ. ಆಟೋದಿಂದ ಯಂತ್ರವನ್ನು ತಾನೇ ಎತ್ತಿಕೊಂಡು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ, ಬಿಚ್ಚಿದ ತಂತಿಗಳನ್ನೆಲ್ಲ ಮತ್ತೆ ಸಿಕ್ಕಿಸಿದಳು. ಅದು ಕಣ್ಣುಬಿಟ್ಟು ಕುರುಗೋಡಿನ ಯಂತ್ರದೊಡನೆ ಕೂಡಿಕೊಂಡೊಡನೆ ಶೀಲಾಳಿಗೆ ಫೋನ್ ಹಚ್ಚಿದಳು.

"ಬಂತ್ರಿ! ಯಾರಿಗೂ ಹಿಡದಿಲ್ಲ, ಒಯ್ತೀನಿ," ಎಂದು ಶೀಲಾ ಓಡಿದಳು.

ಬಾಣಂತಿ ಉಳಿದಳೆಂಬ ಸುದ್ದಿ ಸಂಜೆ ಬಂತು. ಅದರ ಹಿಂದೆಯೇ ನಿರ್ದೇಶಕ ಉಮಾಪತಿಯವರು ಮುಖ ಗಂಟು ಹಾಕಿಕೊಂಡು ಬಂದರು.

"ಸಿರುಗುಪ್ಪದವ್ರು ಸಾಗ್ಸಿ ಮುಗಿಸ್ಯಾರ. ಒಂದ ಡಬ್ಬಿ ಒಯ್ಯಾಕ ನಿಮಗೇನ್ರಿ ತ್ರಾಸು?"

ನಡೆದದ್ದನ್ನು ಹೇಳಲು ಶ್ರೀಕೃತಿ ಬಾಯಿ ತೆರೆದಳು. ಅವರು ಆಗಲೇ ಫೋನಿನಲ್ಲಿ ದೊಡ್ಡಬಸವರಾಜನಿಗೆ ಶಹಬ್ಬಾಸ್ ಹೇಳುತ್ತಿದ್ದರು.