ಅಕ್ಕನ ಮಾತ್ರೆ, ನನ್ನ ಥೈರಾಯ್ಡ್

ಯಾರಾದರೂ ಎದುರು ಕೂತು ನನ್ನನ್ನೇ ನೋಡಿದರೆ ನನ್ನ ಕೈ ನಡುಗುತ್ತದೆ. ಚೆನ್ನೈ ಪೆರಂಬೂರಿನ ನಮ್ಮ ಮನೆಗೆ ಮೊದಲು ಬಂದ ಗಂಡಿನ ಕಡೆಯವರ ಮುಂದೆ ಕಾಫಿ ಲೋಟಗಳು ತಟ್ಟೆಯ ಮೇಲೆ ತಾಳ ಹಾಕಿದ್ದವು. ಆ ಸಂಬಂಧ ಕೂಡಿಬರಲಿಲ್ಲ.

ಎರಡನೆಯ ಹುಡುಗ ನನಗೆ ನಿಜವಾಗಿ ಇಷ್ಟವಾಗಿದ್ದ. ಅವನ ತಾಯಿ ರಕ್ತ ಪರೀಕ್ಷೆಯ ಲ್ಯಾಬಿನಿಂದ ನಿವೃತ್ತರಾದವರು, ಉಡುಪಿ ಕಡೆಯವರು. “ಜಾತಕ ಬೇಡ. ಇಬ್ಬರ ರಕ್ತದ ರಿಪೋರ್ಟ್ ನೋಡುವ,” ಎಂದರು ಫೋನಿನಲ್ಲಿ.

ಅಕ್ಕನಿಗೆ ಅರೆತಲೆನೋವು. ಅದಕ್ಕೆ ಅವಳು ನುಂಗುವ ಬೀಟಾ ಬ್ಲಾಕರ್ ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುತ್ತದಂತೆ. ದಿನಕ್ಕೆ ಎರಡರಂತೆ ಹತ್ತು ದಿನ ತೆಗೆದುಕೊಂಡೆ. ಕದ್ದೆ ಎಂದೇ ಬರೆಯಬೇಕು. ಎಂಟನೆಯ ದಿನ ರಕ್ತ ಕೊಟ್ಟೆ. ಹತ್ತನೆಯ ದಿನ ಹುಡುಗನ ತಾಯಿಗೆ ಕಾಫಿ ಕೊಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ.

ಅವರು ಲೋಟ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ನನ್ನ ರಿಪೋರ್ಟಿನಲ್ಲಿ ಥೈರಾಯ್ಡಿನ ಸಾಲುಗಳ ಮೇಲೆ ಬೆರಳಿಟ್ಟರು.

“ಟಿಎಸ್‌ಎಚ್ ಸರಿ ಉಂಟು. ಟಿ-4 ಕೂಡ. ಟಿ-3 ಮಾತ್ರ ಕಡಿಮೆ. ಇದೆಂಥದು ಮಾರಾಯ್ತಿ? ಏನಾದರೂ ಮಾತ್ರೆ ತಗೊಳ್ತೀಯಾ?”

“ಇಲ್ಲ,” ಎಂದೆ. ಅಷ್ಟು ಸ್ಥಿರವಾದ ಕೈಯಲ್ಲಿ ನಾನು ಎಂದೂ ಸುಳ್ಳು ಹೇಳಿರಲಿಲ್ಲ.

“ಹಾಗಾದರೆ ಡಾಕ್ಟರಿಗೆ ತೋರಿಸು. ಆಮೇಲೆ ಮುಂದಿನ ಮಾತು.”

ಮರುದಿನ ಡಾಕ್ಟರೂ ತಮಿಳಿನಲ್ಲಿ ಅದೇ ಪ್ರಶ್ನೆ ಕೇಳಿದರು. ಈ ಸಲ ಒಪ್ಪಿಕೊಂಡೆ. ಜೊತೆಗೆ ಬಂದಿದ್ದ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

“ಕಳ್ಳಿ! ಮಾತ್ರೆ ಕಡಿಮೆ ಕೊಟ್ಟಿದ್ದೀಯ ಅಂತ ನಾನು ಆ ಮೆಡಿಕಲ್ ಶಾಪಿನವನ ಹತ್ತಿರ ಜಗಳ ಮಾಡಿ ಬಂದೆನಲ್ಲೇ!”

ಡಾಕ್ಟರು ನಗು ತಡೆದುಕೊಂಡು ವಿವರಿಸಿದರು. ದೇಹದಲ್ಲಿ ಟಿ-4 ಬದಲಾಗಿ ಟಿ-3 ಆಗುತ್ತದೆ. ಕೆಲವು ಬೀಟಾ ಬ್ಲಾಕರ್‌ಗಳು ಆ ಬದಲಾವಣೆಯನ್ನು ಸ್ವಲ್ಪ ನಿಧಾನಗೊಳಿಸುತ್ತವೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅಂಕಿ ಕದಲುತ್ತದೆ, ಕಾಯಿಲೆ ಬರುವುದಿಲ್ಲ. ನನಗೂ ಹಾಗೇ ಆಗಿರಬಹುದು. ಮಾತ್ರೆ ನಿಲ್ಲಿಸಿ ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಆಮೇಲೆ ನಗು ಬಿಟ್ಟು ಬೈದರು: ನನಗೆ ಆಸ್ತಮಾ ಇದ್ದಿದ್ದರೆ ಈ ಮಾತ್ರೆಗೆ ಉಸಿರೇ ಕಟ್ಟಬಹುದಿತ್ತು, ಇದು ತಮಾಷೆಯಾಗುತ್ತಿರಲಿಲ್ಲ.

ಹುಡುಗನ ತಾಯಿಗೆ ನಾನೇ ಫೋನ್ ಮಾಡಿದೆ. ಮಾತ್ರೆ, ಕಳ್ಳತನ, ಸುಳ್ಳು, ಮೂರನ್ನೂ ಅದೇ ಕ್ರಮದಲ್ಲಿ ಹೇಳಿದೆ. ಆಚೆ ಕಡೆ ಕುಕ್ಕರ್ ಎರಡು ಸಲ ಕೂಗಿತು.

“ನನ್ನನ್ನು ಕಂಡರೆ ಅಷ್ಟು ಹೆದರಿಕೆಯಾ?”

“ಹೌದು, ಆಂಟಿ.”

“ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಹೆದರಲಿಲ್ಲ ಮಾರಾಯ್ತಿ!” ಎಂದರು. ದನಿಯಲ್ಲಿ ಸಂತೋಷವಿತ್ತು, ನಾನು ಗಮನವಿಟ್ಟು ಕೇಳಿದ್ದೇನೆ.

ತಿಂಗಳ ನಂತರ ಟಿ-3 ತನ್ನ ಜಾಗಕ್ಕೆ ಮರಳಿತ್ತು. ನಾನು ಕಳಿಸಿದ ಆ ರಿಪೋರ್ಟಿನ ಅಂಚಿನಲ್ಲಿ ಹುಡುಗನ ತಾಯಿ ಪೆನ್ಸಿಲಿನಿಂದ ಮೂರು ಮುಹೂರ್ತ ಬರೆದು ಹಿಂದಕ್ಕೆ ಕಳಿಸಿದರು.