ಕೋಟಾರಾಣಿ ಕೇಳಿದ ಮಾತು

ಮೈಮೇಲೆ ಬರುವುದೆಲ್ಲ ಬರೀ ನಟನೆ ಎಂದು ನಂಬಿದ್ದವಳು ನಾನು. ಈಗ ಅದನ್ನು ಮೊದಲಿನಷ್ಟು ಗಟ್ಟಿಯಾಗಿ ಹೇಳಲಾರೆ.

ಕೆಲವು ವರ್ಷಗಳ ಹಿಂದೆ ಕಾಶ್ಮೀರದ ಕೋಟಾರಾಣಿಯ ಮೇಲೊಂದು ನಾಟಕ ಬರೆದೆ. ಆ ನಾಡಿನ ಕೊನೆಯ ಹಿಂದೂ ಅರಸಿ ಅವಳು. ಮಂತ್ರಿಯಾಗಿದ್ದವನೇ ರಾಜ್ಯ ಕಿತ್ತುಕೊಂಡು ಮದುವೆಗೆ ಒತ್ತಾಯಿಸಿದಾಗ ತನ್ನನ್ನೇ ಇರಿದುಕೊಂಡಳಂತೆ. ಅವಳ ಇಬ್ಬರು ಗಂಡುಮಕ್ಕಳು ಏನಾದರೋ ಸರಿಯಾಗಿ ತಿಳಿಯದು. ನನ್ನ ನಾಟಕದಲ್ಲಿ ಅವರ ಪ್ರಸ್ತಾಪವೇ ಇರಲಿಲ್ಲ. ಸಾಯುವ ಮುನ್ನ ರಾಣಿ ನಾಡಿನ ಬಗ್ಗೆ ಉದ್ದನೆಯ ಮಾತಾಡುತ್ತಿದ್ದಳು.

ರಾಣಿಯ ಪಾತ್ರ ಗೆಳತಿ ವಿನುತಾಳದು. ಭದ್ರಾವತಿಯ ಕಾಗದನಗರದಲ್ಲೇ ಹುಟ್ಟಿ ಬೆಳೆದು, ಅಲ್ಲೇ ಗಣಿತ ಕಲಿಸುತ್ತಿದ್ದವಳು. ಭಾನುವಾರ ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವಳ ಮನೆಯಂಗಳದಲ್ಲಿ ತಾಲೀಮು. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕಪಕ್ಕದ ಕ್ವಾರ್ಟರ್ಸ್ ಖಾಲಿ. ಎಷ್ಟು ಕೂಗಾಡಿದರೂ ಕೇಳುವವರಿರಲಿಲ್ಲ.

ಒಂದು ಭಾನುವಾರ ಸಂಜೆ ಕೊನೆಯ ದೃಶ್ಯ. ಪ್ರತಿ ಚಳಿಗಾಲ ಶಾಲು ಮಾರಲು ಬಂದು ಕನ್ನಡ ಕಲಿತಿದ್ದ ಕಾಶ್ಮೀರದ ಮುದುಕರೊಬ್ಬರು ಗಂಟು ಇಳಿಸಿ ಗೇಟಿನಾಚೆ ನಿಂತು ನೋಡುತ್ತಿದ್ದರು. ವಿನುತಾ ಮರದ ಕಠಾರಿ ಎತ್ತಿದಳು. ಮಾತು ಹೊರಡಲಿಲ್ಲ. ಮರೆತಳೆಂದು ನಾನು ಸಾಲು ಹೇಳಿಕೊಟ್ಟೆ. ಅವಳು ನನ್ನತ್ತ ತಿರುಗಲೇ ಇಲ್ಲ. ಗೇಟಿನ ಕಡೆ ನೋಡುತ್ತ, ನನಗೆ ತಿಳಿಯದ ಭಾಷೆಯಲ್ಲಿ ಮೆಲ್ಲಗೆ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು.

ಮುದುಕರು ಅದೇ ಭಾಷೆಯಲ್ಲಿ ಉತ್ತರಿಸಿದರು. ವಿನುತಾ ಕಠಾರಿ ಕೆಳಗಿಟ್ಟು ಅಲ್ಲೇ ಕುಸಿದು ಕೂತಳು.

ನೀರು ಕುಡಿಸಿದ ಮೇಲೆ ಸುತ್ತ ನೋಡಿ, "ಏನಾಯ್ತು ಮಾರಾಯ್ತಿ? ಡೈಲಾಗ್ ಮರ್ತೋಯ್ತಾ ನಂಗೆ?" ಎಂದಳು.

ನಾನು ಗೇಟಿನ ಬಳಿ ಹೋದೆ. ಮುದುಕರು ಇನ್ನೂ ವಿನುತಾಳನ್ನೇ ನೋಡುತ್ತಿದ್ದರು.

"ಅವ್ಳು ಏನ್ ಕೇಳಿದ್ಲು?"

"ಮಕ್ಳು ಊಟ ಮಾಡಿದ್ರಾ ಅಂತ ಕೇಳಿದ್ರು ಮೇಡಂ. ಹಳೇ ಕಾಶ್ಮೀರಿ, ನಮ್ಮಜ್ಜಿ ಮಾತಾಡೋ ಥರ."

"ನೀವೇನಂದ್ರಿ?"

"ಊಟ ಮಾಡಿ ಮಲ್ಗಿದಾರೆ ಅಮ್ಮಾ ಅಂದೆ." ಗಂಟು ಬಿಗಿಯುತ್ತ ಅವರೇ ಮುಂದುವರಿಸಿದರು: "ಯಾಕೆ ಹಂಗಂದೆ ಗೊತ್ತಿಲ್ಲ. ಕೇಳಿದ್ರಲ್ಲ, ಏನಾದ್ರೂ ಹೇಳ್ಬೇಕಲ್ಲ."

ಗಂಟು ಹೊತ್ತು ಹೊರಟುಹೋದರು. ಒಂದು ಶಾಲನ್ನೂ ತೋರಿಸಲಿಲ್ಲ.

ವಿನುತಾಳಿಗೆ ಹಿಂದಿಯೇ ನೆಟ್ಟಗೆ ಬಾರದು. ಚಿಕ್ಕಂದಿನಲ್ಲಿ ಯಾವನೋ ಶಾಲಿನವನ ಬಾಯಲ್ಲಿ ಕೇಳಿದ್ದಿರಬೇಕು ಎನ್ನುತ್ತಾರೆ, ನಾನು ಹೇಳಿಕೊಂಡವರು. ಇರಬಹುದು. ಆದರೆ ಅಷ್ಟು ಮಾತುಗಳಲ್ಲಿ ಅದೊಂದೇ ಯಾಕೆ, ಆ ಗಳಿಗೆಯಲ್ಲೇ ಯಾಕೆ?

ಆ ನಾಟಕವನ್ನು ನಾವು ಆಡಲಿಲ್ಲ. ಅವತ್ತು ತಾನು ಕೇಳಿದ್ದೇನೆಂದು ವಿನುತಾಳಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಧೈರ್ಯವಾಗಿಲ್ಲ.