ಕೀಂಯ್ ಎನ್ನುವವರೆಗೆ

ನಮ್ಮ ಮನೆಯ ಹಿಂದಿನ ಹಗ್ಗದಲ್ಲಿ ಬಟ್ಟೆಗಿಂತ ಹೆಚ್ಚು ಹಾಲಿನ ಪ್ಯಾಕೆಟುಗಳೇ ನೇತಾಡುತ್ತವೆ. ಮೂಲೆ ಕತ್ತರಿಸಿ ಹಾಲು ಸುರಿದ ಮೇಲೆ ತಳವನ್ನೂ ಕತ್ತರಿಸಿ, ಒಳಗನ್ನು ಹೊರಗೆ ತಿರುವಿ, ತೊಳೆದು, ಕ್ಲಿಪ್ ಹಾಕಿ ಒಣಗಲು ಬಿಟ್ಟವು. ಸಂಜೆ ಮಣಿಪಾಲದಿಂದ ಸ್ಕೂಟರಿನಲ್ಲಿ ಬಂದು, ಅಲೆವೂರಿನ ಈ ಅಂಗಳದಲ್ಲಿ ಹೆಲ್ಮೆಟ್ ತೆಗೆದ ಕೂಡಲೇ ನನ್ನ ಕಿವಿಗೆ ಬೀಳುವುದು ಅವುಗಳ ಚಟಪಟ. ನನ್ನ ಚೂಡಿದಾರ ಒಣಗಿಸುವುದಕ್ಕೆ ಹಗ್ಗದಲ್ಲಿ ಜಾಗ ಹುಡುಕಬೇಕು. ಎಲ್ಲ ಅಪ್ಪನ ಕಾರುಬಾರು.

ಅಮ್ಮ ಹೋದ ಮೇಲೆ ಅಪ್ಪ ಕಾಪುವಿನ ಮನೆಗೆ ಬೀಗ ಹಾಕಿ ನನ್ನಲ್ಲಿಗೆ ಬಂದರು. ಗಂಡ ದುಬೈಯಲ್ಲಿ. ನಾನು ಒಂದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂತು ಹಗಲಿಡೀ ರೋಗಿಗಳ ಹೆಸರು, ವಯಸ್ಸು, ಊರು ಕೇಳುವವಳು. ಹಾಗಾಗಿ ಹಗಲು ಹೊತ್ತು ಮನೆಯಲ್ಲಿ ಅಪ್ಪ ಮತ್ತು ಬಾವಿ ಇಬ್ಬರೇ. ಪಂಚಾಯತಿನವರು ಒಣಕಸಕ್ಕೆ ಗಾಡಿ ಕಳುಹಿಸಲು ಶುರುಮಾಡಿ, ಡಬ್ಬ ಬಾಟಲಿಗಳನ್ನು ತೊಳೆದು ಕೊಡಿ ಎಂದು ಹೇಳಿದ್ದೇ ತಡ, ಅಪ್ಪನಿಗೆ ಮತ್ತೆ ನೌಕರಿ ಸಿಕ್ಕಿದಂತಾಯಿತು.

ಅಪ್ಪ ಮುಂಬಯಿಯ ಹೋಟೆಲಿನವರು. ನಮ್ಮೂರಿನ ಎಷ್ಟೋ ಮಕ್ಕಳ ಹಾಗೆ ಚಡ್ಡಿ ಹಾಕುವ ಪ್ರಾಯದಲ್ಲೇ ಹೋಗಿ ಮೋರಿಯ ಬದಿಯಲ್ಲಿ ಕೂತು ತಟ್ಟೆ ಲೋಟ ತೊಳೆದವರು. ಆಮೇಲೆ ಸಪ್ಲೈಯರ್ ಆಗಿ, ಅಡುಗೆಯವರಾಗಿ, ಕೊನೆಗೆ ಗಲ್ಲಾದಲ್ಲಿ ಕೂತು ಊರಿಗೆ ಮರಳಿದರು. ಆದರೆ ಕಲಿತ ಮೊದಲ ವಿದ್ಯೆ ಕೈ ಬಿಡಲಿಲ್ಲ. ಆ ಹೋಟೆಲಿನ ಯಜಮಾನರು ತೊಳೆದ ಲೋಟದ ಒಳಗೆ ತೋರುಬೆರಳು ಹಾಕಿ ಒಂದು ಸುತ್ತು ಎಳೆಯುತ್ತಿದ್ದರಂತೆ. ಕೀಂಯ್ ಎಂದರೆ ಪಾಸು. ಎನ್ನದಿದ್ದರೆ ಲೋಟ ಮತ್ತೆ ಮೋರಿಗೆ. ಅದೇ ಪರೀಕ್ಷೆ ಈಗ ನಮ್ಮ ಉಪ್ಪಿನಕಾಯಿ ಬಾಟಲಿಗೆ, ಮೊಸರಿನ ಡಬ್ಬಕ್ಕೆ, ಹೋಟೆಲಿನಿಂದ ಪಾರ್ಸೆಲ್ ಬಂದ ಸಾಂಬಾರಿನ ಪ್ಲಾಸ್ಟಿಕ್ ಕಪ್ಪಿಗೆ. ಎಸೆಯುವ ವಸ್ತುವಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ನನ್ನ ವಾದ ಸರಳ. ಅದು ಹೋಗುವುದು ಕರಗಿಸುವುದಕ್ಕೆ, ಮತ್ತೆ ಉಣ್ಣುವುದಕ್ಕಲ್ಲ. ಅಕ್ಕಿ ತೊಳೆದ ನೀರು ಹೇಗೂ ಉಂಟು, ಅದರಲ್ಲಿ ಒಮ್ಮೆ ಗಲಬರಿಸಿದರೆ ಸಾಕು. ಇರುವೆ ಮುತ್ತದಿದ್ದರೆ, ನಾರದಿದ್ದರೆ ಆಯಿತು. ಅದರಲ್ಲೂ ಮೇ ತಿಂಗಳಲ್ಲಿ, ಪಂಪು ಹಾಕಿದರೆ ನೀರಿಗಿಂತ ಗಾಳಿಯೇ ಹೆಚ್ಚು ಬರುವ ಹೊತ್ತಿನಲ್ಲಿ, ಒಂದು ಎಣ್ಣೆ ಬಾಟಲಿಗೆ ಒಂದು ಕೊಡಪಾನ ನೀರು ಸುರಿಯುವುದು ಯಾವ ಸೀಮೆಯ ಪರಿಸರಪ್ರೇಮ? ಇದನ್ನು ಫೋನಿನಲ್ಲಿ ಗಂಡನಿಗೆ ಹೇಳಿದೆ. "ಹೋಗ್ಲಿ ಬಿಡು ಮಾರಾಯ್ತಿ, ಅವರಿಗೂ ಹೊತ್ತು ಹೋಗ್ಬೇಕಲ್ವಾ" ಎಂದರು. ದುಬೈಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳಿಲ್ಲ.

ಬೆಂಕಿಗೆ ತುಪ್ಪ ಸುರಿದದ್ದು ಕಸದ ಗಾಡಿಯಲ್ಲಿ ಬರುವ ಹೆಂಗಸು. ಒಂದು ದಿನ ಗೇಟಿನ ಹತ್ತಿರ ನಮ್ಮ ಚೀಲ ತೆಗೆದುಕೊಳ್ಳುತ್ತಾ, "ನಿಮ್ಮ ಮನೆಯ ಚೀಲಕ್ಕೆ ಕೈ ಹಾಕ್ಲಿಕ್ಕೆ ಹೆದರಿಕೆ ಇಲ್ಲ ಅಜ್ಜ. ಕೆಲವರದ್ದು ಬಿಡಿಸುವಾಗ ವಾಂತಿ ಬರ್ತದೆ" ಎಂದಳು. ಅಷ್ಟೇ ಸಾಕಾಯಿತು. ಅವತ್ತು ರಾತ್ರಿ ಗಂಜಿ ಉಣ್ಣುವಾಗ ಅಪ್ಪ ತಮ್ಮ ಬೆರಳುಗಳನ್ನು ಅಗಲಿಸಿ ನನಗೆ ತೋರಿಸಿದರು.

"ಮುಂಬಯಿಯಲ್ಲಿ ಮೊದಲ ಮಳೆಗಾಲಕ್ಕೆ ನನ್ನ ಬೆರಳ ಸಂದಿ ಎಲ್ಲ ಕೊಳೆತು ಹೋಗಿತ್ತು. ಊರವರ ಎಂಜಲಲ್ಲಿ ಕೈ ಹಾಕಿ ಹಾಕಿ. ಕೆಲವರು ತಟ್ಟೆಯಲ್ಲೇ ಕೈ ತೊಳೀತಿದ್ರು, ಕೆಲವರು ಉಗಿದೂ ಇಡ್ತಿದ್ರು. ನಿನಗೆ ಅದೆಲ್ಲ ಎಂತ ಗೊತ್ತುಂಟು?"

ನನಗೆ ಗೊತ್ತಿರಲಿಲ್ಲ. ಅಪ್ಪ ಮುಂಬಯಿಯ ಕಥೆ ಹೇಳುವುದಿದ್ದರೆ ಅದರಲ್ಲಿ ಯಾವಾಗಲೂ ಸಮುದ್ರ, ಸಿನಿಮಾ, ಡಬಲ್ ಡೆಕ್ಕರ್ ಬಸ್ಸು ಮಾತ್ರ ಇರುತ್ತಿದ್ದವು. ನಾನು ಬಟ್ಟಲಿನ ಗಂಜಿ ಉಂಡು ಎದ್ದೆ. ಮರುದಿನ ಬೆಳಿಗ್ಗೆ ನೀರಿಗಾಗಿ ಮತ್ತೆ ಜಗಳವಾಡಿದೆ. ಕರುಣೆ ಬಂದರೂ ಬಾವಿಯಲ್ಲಿ ನೀರು ಬರಬೇಕಲ್ಲ.

ಗಾಯವಾದದ್ದು ಹಾಲಿನ ಪುಡಿಯ ಡಬ್ಬದಿಂದ. ಗಂಡ ರಜೆಯಲ್ಲಿ ಬಂದಾಗ ತಂದ ತಗಡಿನ ಡಬ್ಬ. ಅದರ ಬಾಯಿಯ ಒಳಅಂಚಿನ ಕೆಳಗೆ ಪುಡಿ ಗಟ್ಟಿಯಾಗಿ ಕೂತಿತ್ತು. ನಾನಾಗಿದ್ದರೆ ಅದು ಅಲ್ಲೇ ಇರಲಿ ಎಂದು ಬಿಡುತ್ತಿದ್ದೆ. ಅಪ್ಪ ಬಿಡಲಿಲ್ಲ. ತೊಳೆದು, ಪರೀಕ್ಷೆಗೆಂದು ತೋರುಬೆರಳನ್ನು ಅಂಚಿನ ಕೆಳಗೆ ಹಾಕಿ ಒಂದು ಸುತ್ತು ಎಳೆದಿದ್ದಾರೆ. ಕೀಂಯ್ ಎನ್ನಲಿಲ್ಲ. ಬೆರಳ ತುದಿ ಬಾಳೆದಿಂಡು ಕೊಯ್ದ ಹಾಗೆ ಕೊಯ್ದುಹೋಯಿತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಉಂಟು. ಡಾಕ್ಟರು ಬೆರಳಿಗೆ ಬಟ್ಟೆ ಸುತ್ತಿ, ಮದ್ದು ಬರೆದು, ಅಪ್ಪನ ಮುಖ ನೋಡದೆ ನನ್ನ ಮುಖ ನೋಡಿ ಹೇಳಿದರು. "ನೀರು ತಾಗಿಸಲೇಬಾರದು. ಅಸಡ್ಡೆ ಮಾಡಿದರೆ ಬೆರಳು ತೆಗೆಯಬೇಕಾದೀತು." ನಾನು ತಲೆಯಾಡಿಸಿದೆ. ಅಪ್ಪನೂ ಬಹಳ ಭಕ್ತಿಯಿಂದ ತಲೆಯಾಡಿಸಿದರು. ಆ ಭಕ್ತಿ ನೋಡಿಯೇ ನನಗೆ ಅನುಮಾನ ಬಂತು.

ಮನೆಯಲ್ಲಿ ತೊಳೆಯದ ಡಬ್ಬ ಕಂಡರೆ ಅಪ್ಪ ಸುಮ್ಮನಿರುವವರಲ್ಲ. ನಾನೇ ತೊಳೆಯೋಣವೆಂದರೆ ಸಂಜೆ ಬಂದ ಮೇಲೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ಅವರ ಕಣ್ಣಿಗೆ ಬೀಳದ ಹಾಗೆ ಖಾಲಿ ಡಬ್ಬ, ಪ್ಯಾಕೆಟುಗಳನ್ನು ಒಂದು ಚೀಲಕ್ಕೆ ತುಂಬಿ, ಸ್ಕೂಟರಿನ ಸೀಟಿನಡಿ ಇಟ್ಟು ಮಣಿಪಾಲಕ್ಕೆ ಕೊಂಡುಹೋದೆ. ಅಲ್ಲಿ ಎಲ್ಲಾದರೂ ಒಂದು ಡಬ್ಬಿಗೆ ಹಾಕಿದರಾಯಿತು ಎಂದು ಲೆಕ್ಕ. ಎಲ್ಲಿ ಹಾಕುವುದು? ಆಸ್ಪತ್ರೆಯಲ್ಲಿ ಮನೆಯ ಕಸ ಹಾಕುವಂತಿಲ್ಲ. ರಸ್ತೆಬದಿಯಲ್ಲಿ "ಇಲ್ಲಿ ಕಸ ಹಾಕಿದವರಿಗೆ ದಂಡ" ಎಂಬ ಫಲಕ. ಅಂಗಡಿಯವರ ಡಬ್ಬಿಯ ಹತ್ತಿರ ನಿಂತರೆ ಅಂಗಡಿಯವರು ಹೊರಗೆ ಬಂದು ನಿಲ್ಲುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಸ್ಕೂಟರು ಹಗಲಿಡೀ ನಿಂತಿತು. ಸಂಜೆ ಸೀಟು ಎತ್ತಿದರೆ, ಅಬ್ಬ! ಚೀಲವನ್ನು ಹಾಗೆಯೇ ವಾಪಸು ತಂದೆ. ಹಿಂದಿನಿಂದ ಬರುತ್ತಿದ್ದ ಬೈಕಿನವನು ಮೂಗು ಮುಚ್ಚಿಕೊಂಡು ನನ್ನನ್ನು ದಾಟಿ ಹೋದ.

ಗೇಟಿನಲ್ಲಿ ಅಪ್ಪ ನಿಂತಿದ್ದರು. ಮೂಗು ಎತ್ತಿ, "ಮೊಸರಿನದ್ದಾ, ಮೀನಿನ ಮಸಾಲೆಯದ್ದಾ?" ಎಂದು ಕೇಳಿದರು.

"ಎರಡೂ" ಎಂದೆ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಅಪ್ಪ ಬೈಯಲಿಲ್ಲ. ಅದೇ ತಪ್ಪಾಯಿತು, ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ದಿನ ಕಳೆದು, ತಲೆನೋವೆಂದು ನಾನು ಮಧ್ಯಾಹ್ನವೇ ಮನೆಗೆ ಬಂದೆ. ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀರಿನ ಸದ್ದು. ಅಪ್ಪ ಕುಕ್ಕುರುಗಾಲಲ್ಲಿ ಕೂತು ತುಪ್ಪದ ಬಾಟಲಿ ಉಜ್ಜುತ್ತಿದ್ದರು. ಬಲಗೈಗೆ ಒಂದು ಹಾಲಿನ ಪ್ಯಾಕೆಟನ್ನು ಮಣಿಕಟ್ಟಿನವರೆಗೆ ಎಳೆದು, ರಬ್ಬರ್ ಬ್ಯಾಂಡ್ ಹಾಕಿದ್ದರು. ತೊಳೆದು, ಒಣಗಿಸಿ, ಹಗ್ಗದಿಂದ ತೆಗೆದ ಪ್ಯಾಕೆಟು.

"ನೀರು ಒಳಗೆ ಹೋಗುದಿಲ್ಲ. ನೋಡು, ಎಷ್ಟು ಒಳ್ಳೆಯ ಪ್ಲಾಸ್ಟಿಕ್" ಎಂದು ಕೈ ಎತ್ತಿ ತೋರಿಸಿದರು. ಎತ್ತಿದ ಕೈಯಿಂದ ನೀರು ಮೊಣಕೈಗೆ ಇಳಿಯಿತು. ಹಾಲು ಸುರಿಯುವುದಕ್ಕೆ ಮೂಲೆ ಕತ್ತರಿಸಿದ ಪ್ಯಾಕೆಟು ಅದು. ತೂತು ಬೆರಳುಗಳ ತುದಿಯಲ್ಲೇ ಇತ್ತು.

ನಾನು ಕಿರುಚಿದೆ. ಏನೇನು ಹೇಳಿದೆನೋ ನೆನಪಿಲ್ಲ. ಈ ಊರಿನಲ್ಲಿ ಯಾರೂ ಹೀಗೆ ತೊಳೆಯುವುದಿಲ್ಲ, ಅರ್ಧ ಊರು ರಾತ್ರಿ ಹೊತ್ತು ಸೇತುವೆಯಿಂದ ಕಸ ಬಿಸಾಡುತ್ತದೆ, ನಿಮ್ಮ ಒಂದು ಬಾಟಲಿಯಿಂದ ಲೋಕ ಉದ್ಧಾರವಾಗುವುದಿಲ್ಲ, ಹೀಗೆಲ್ಲ. ಅಪ್ಪ ರಬ್ಬರ್ ಬ್ಯಾಂಡ್ ಬಿಚ್ಚುತ್ತಾ, "ಲೋಕದ್ದು ಯಾರು ಹೇಳಿದ್ದು? ಬುಧವಾರ ಗಾಡಿಯವಳು ಬರ್ತಾಳೆ. ಕೈ ಹಾಕುದು ಅವಳು" ಎಂದರು. ನನಗೆ ಸಿಟ್ಟು ಇಳಿಯಲಿಲ್ಲ. ಅವಳ ಕೈ ಚೊಕ್ಕಟವಾಗಿರಲೆಂದು ಇವರ ಕೈ ಕೊಳೆಯಬೇಕೆ? ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದೆ. ಬೆರಳ ತುದಿ ಕಪ್ಪಾಗಿತ್ತು.

ಬೆರಳನ್ನು ಮೊದಲ ಗೆಣ್ಣಿನವರೆಗೆ ತೆಗೆದರು. ದಿನವೂ ನಾನು ಊರವರ ಹೆಸರು ಬರೆದುಕೊಳ್ಳುವ ಅದೇ ಕೌಂಟರಿನಲ್ಲಿ, ಪಕ್ಕದ ಸೀಟಿನವಳು ಅಪ್ಪನ ಹೆಸರು ಬರೆದುಕೊಂಡಳು. ಕೈಯನ್ನು ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಿದ್ದರಿಂದ ಅಪ್ಪನಿಗೆ ಎಚ್ಚರವಿತ್ತು. ವಾರ್ಡಿಗೆ ತಂದು ಮಲಗಿಸಿದ ಮೇಲೆ ಬಹಳ ಹೊತ್ತು ಫ್ಯಾನು ನೋಡುತ್ತಿದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ತೆಗೆದ ತುಂಡನ್ನು ಎಂತ ಮಾಡ್ತಾರೆ?"

"ಹಳದಿ ಚೀಲಕ್ಕೆ ಹಾಕ್ತಾರೆ ಅಪ್ಪ. ಇಲ್ಲಿ ಒಂದೊಂದು ನಮೂನೆಯದ್ದಕ್ಕೆ ಒಂದೊಂದು ಬಣ್ಣದ ಚೀಲ ಉಂಟು."

ಅವರಿಗೆ ಈ ವ್ಯವಸ್ಥೆ ಹಿಡಿಸಿತೆಂದು ಮುಖದಲ್ಲೇ ಗೊತ್ತಾಯಿತು. ಸ್ವಲ್ಪ ಯೋಚಿಸಿ ಕೇಳಿದರು. "ತೊಳೆದು ಹಾಕ್ತಾರಾ?"

ನನಗೆ ನಗು ಬಂತು. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ನಗುತ್ತಿರುವಾಗಲೇ ಅಳು ಬಂತು. ಸೆರಗಿಲ್ಲದ ಚೂಡಿದಾರದಲ್ಲಿ ಕಣ್ಣೊರೆಸಿಕೊಳ್ಳಲು ಶಾಲು ಹುಡುಕಿ, "ಇಲ್ಲ ಅಪ್ಪ. ಅದನ್ನು ಹಾಗೇ ಸುಟ್ಟುಬಿಡ್ತಾರೆ" ಎಂದೆ.

"ಹಾಗಾದರೆ ತೊಂದರೆ ಇಲ್ಲ" ಎಂದರು ಅಪ್ಪ. "ಯಾರೂ ಅದಕ್ಕೆ ಕೈ ಹಾಕ್ಲಿಕ್ಕಿಲ್ಲ." ಮತ್ತೆ ಕಣ್ಣು ಮುಚ್ಚಿ ನಿದ್ದೆ ಹೋದರು.

ಮನೆಗೆ ಬಂದ ಮೇಲೆ ಮಳೆ ಹಿಡಿಯಿತು, ಬಾವಿಯಲ್ಲಿ ನೀರು ಏರಿತು. ಜಗಳಕ್ಕೆ ನನಗಿದ್ದ ಒಂದು ಕಾರಣವೂ ಹೋಯಿತು. ಈಗ ಕಲ್ಲಿನ ಮೇಲೆ ಕೂರುವವಳು ನಾನು. ಹಂಚಿನ ಮಾಡಿನಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುವವರು ಅಪ್ಪ. ಒಮ್ಮೆ ಗಲಬರಿಸಿದರೆ ಸಾಕು ಎಂಬ ನನ್ನ ಅಭಿಪ್ರಾಯದಲ್ಲಿ ಇವತ್ತಿಗೂ ಬದಲಾವಣೆ ಇಲ್ಲ. ಹಗಲಿಡೀ ದುಡಿದು ಬಂದು ಹಳೆಯ ಉಪ್ಪಿನಕಾಯಿಯ ಎಣ್ಣೆ ಉಜ್ಜುವಾಗ ನನಗೆ ಯಾವ ಪುಣ್ಯದ ಭಾವನೆಯೂ ಬರುವುದಿಲ್ಲ, ಸೊಂಟ ನೋಯುತ್ತದೆ ಅಷ್ಟೆ.

ಮೊದಲ ಮಂಗಳವಾರ ಸಂಜೆ ಒಂದು ಜೇನಿನ ಬಾಟಲಿ ತೊಳೆದು ಅಪ್ಪನತ್ತ ಚಾಚಿದೆ. ಅವರು ಅಭ್ಯಾಸಬಲದಿಂದ ಬಲಗೈ ಮುಂದೆ ತಂದರು. ಬಾಟಲಿಯ ಬಾಯಿಯವರೆಗೆ ಬಂದ ಕೈ ಅಲ್ಲೇ ನಿಂತಿತು. ಬಿಳಿ ಬಟ್ಟೆಯ ಮೊಂಡು ತುದಿಯನ್ನು ಅವರೂ ನೋಡಿದರು, ನಾನೂ ನೋಡಿದೆ. ಇಷ್ಟು ವರ್ಷದಲ್ಲಿ ಅಪ್ಪನಿಗೆ ಏನು ಮಾಡಬೇಕೆಂದು ತಿಳಿಯದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡು, ನನ್ನ ತೋರುಬೆರಳನ್ನು ಒಳಗೆ ಹಾಕಿ ಒಂದು ಸುತ್ತು ಎಳೆದೆ. ಅಪ್ಪ ಕಿವಿ ಮುಂದೆ ಮಾಡಿದರು.

"ಬರ್ಲಿಲ್ಲ" ಎಂದರು.

"ಬಂತಲ್ವಾ ಅಪ್ಪ."

"ಇಲ್ಲ. ಇನ್ನೊಮ್ಮೆ."

ನಾನು ಎದ್ದು ಬಾವಿಗೆ ಕೊಡಪಾನ ಇಳಿಸಿದೆ.